ಐದು ಸೆಕೆಂಡಿನ ವಿಳಂಬ

ಭಾನುವಾರ ಬೆಳಗಿನ ಜಾವ ಹೊಸೂರಿನಿಂದ ತೊರಪಲ್ಲಿ ಅಗ್ರಹಾರದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ನಿಂತರೆ, ಮಂಜು ಇನ್ನೂ ಕರಗದ ಹೊತ್ತಿನಲ್ಲಿ ಸೈಕಲ್ ಸವಾರರ ಸಾಲೊಂದು ಹಾದುಹೋಗುವುದನ್ನು ಕಾಣಬಹುದು. ಬೆಂಗಳೂರಿನಿಂದ ಬಂದವರು. ಅವರಲ್ಲಿ ತರುಣರಿದ್ದಾರೆ, ತರುಣರೆಂದು ಕರೆಯಲಾಗದ ನನ್ನ ವಯಸ್ಸಿನವರೂ ಇದ್ದಾರೆ. ಊರಿನ ಹಿರಿಯರೊಬ್ಬರು ಈ ಸಾಲನ್ನು ತೋರಿಸಿ ನನ್ನನ್ನು ಕೇಳಿದರು: “ಹೋದ ವಾರವೂ ಇವರೇ, ಅದರ ಹಿಂದಿನ ವಾರವೂ ಇವರೇ. ಕಂಡ ದಾರಿಯನ್ನೇ ಮತ್ತೆ ಮತ್ತೆ ತುಳಿದರೆ ಏನು ಸಿಗುತ್ತದೆ ವಕೀಲರೇ?” ಶುಲ್ಕ ಬರಲಿ ಬಾರದಿರಲಿ, ವಕೀಲನನ್ನು ಕೇಳಿದ ಪ್ರಶ್ನೆಗೆ ಉತ್ತರ ಸಲ್ಲಲೇಬೇಕು. ಆ ಉತ್ತರಕ್ಕೆ ಈ ವಾರದ ಅಂಕಣವನ್ನು ಮೀಸಲಿಟ್ಟಿದ್ದೇನೆ.

ಹೀಗೆ ಸೈಕಲ್ ತುಳಿಯುವವರಲ್ಲಿ ಕೆಲವರು ಬರಿಯ ಸೈಕಲ್ ಸವಾರರಲ್ಲ. ಅವರು ಈಜುವವರೂ ಹೌದು, ಓಡುವವರೂ ಹೌದು. ಈ ಮೂರನ್ನೂ ಒಂದೇ ದಿನ, ನಡುವೆ ವಿರಾಮವಿಲ್ಲದೆ ಮಾಡುವ ಸ್ಪರ್ಧೆಗೆ ಟ್ರಯತ್ಲಾನ್ ಎಂದು ಹೆಸರು. ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ಈ ಕ್ರಮದಲ್ಲಿ ವಿವೇಕವಿದೆ. ದಣಿದವನು ನೀರಿನಲ್ಲಿದ್ದರೆ ಮುಳುಗುತ್ತಾನೆ, ಸೈಕಲ್ಲಿನ ಮೇಲಿದ್ದರೆ ಬಿದ್ದು ಮೂಳೆ ಮುರಿದುಕೊಳ್ಳುತ್ತಾನೆ, ಓಟದಲ್ಲಿದ್ದರೆ ಹೆಚ್ಚೆಂದರೆ ಕುಳಿತುಬಿಡುತ್ತಾನೆ. ಆದ್ದರಿಂದ ದಣಿವು ಹೆಚ್ಚಿದಂತೆಲ್ಲ ಅಪಾಯ ಕಡಿಮೆಯಾಗುವ ಹಾಗೆ ಮೂರನ್ನೂ ಜೋಡಿಸಿದ್ದಾರೆ.

ಈ ಸ್ಪರ್ಧೆಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಹುಟ್ಟಿದ್ದು ಹವಾಯಿ ದ್ವೀಪಸಮೂಹದಲ್ಲಿ, ಒಂದು ಹರಟೆಯಿಂದ. ಈಜುಗಾರ, ಸೈಕಲ್ ಸವಾರ, ಓಟಗಾರ, ಈ ಮೂವರಲ್ಲಿ ಗಟ್ಟಿಗ ಯಾರು ಎಂಬ ವಾದ ಎದ್ದಿತು. ಅಮೆರಿಕದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್, ಅಲ್ಲಿ ಮೊದಲೇ ಬೇರೆಬೇರೆಯಾಗಿ ನಡೆಯುತ್ತಿದ್ದ ಮೂರು ಸ್ಪರ್ಧೆಗಳನ್ನು ಒಟ್ಟುಗೂಡಿಸಿ ಒಂದೇ ದಿನ ಮುಗಿಸೋಣ, ಮೊದಲು ಮುಗಿಸಿದವನನ್ನು ಐರನ್‌ಮ್ಯಾನ್ ಎಂದು ಕರೆಯೋಣ ಎಂದರು. 1978ರ ಫೆಬ್ರುವರಿ 18ರಂದು 15 ಮಂದಿ ಹೊರಟರು. 12 ಮಂದಿ ಮುಗಿಸಿದರು. ಈಜು 3.8 ಕಿಲೋಮೀಟರ್, ಸೈಕಲ್ 180, ಓಟ 42.2, ಒಟ್ಟು 226 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹೊಸೂರಿನಿಂದ ಸೈಕಲ್ಲಿನಲ್ಲಿ ಸೇಲಂ ದಾಟಿ ಹೋಗಿ, ಅಲ್ಲಿ ಇಳಿದು ಒಂದು ಪೂರ್ಣ ಮ್ಯಾರಥಾನ್ ಓಡಬೇಕು, ಹೊರಡುವ ಮೊದಲೇ ಸಮುದ್ರದಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ಈಜಿ ಮುಗಿಸಿರಬೇಕು. ಇಷ್ಟಕ್ಕೂ ಕಾಲಮಿತಿ 17 ಗಂಟೆ. ಇದರ ಅರ್ಧದಷ್ಟು ದೂರದ ಇನ್ನೊಂದು ಸ್ಪರ್ಧೆಯೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಈಗ ಹವಾಯಿಯ ಆ ಸ್ಪರ್ಧೆಗೆ ಬಂದ ಜಪಾನಿನ ಒಬ್ಬ ಮುದುಕರ ಸಂಗತಿ. ಹೆಸರು ಹಿರೋಮು ಇನಾಡ. ಜನನ 1932. ಪತ್ರಕರ್ತರಾಗಿದ್ದವರು, ಅಸ್ವಸ್ಥ ಪತ್ನಿಯ ಶುಶ್ರೂಷೆಗೆಂದು ಅರುವತ್ತರ ಸುಮಾರಿಗೆ ಕೆಲಸ ಬಿಟ್ಟರು. ತಮ್ಮ ಆರೋಗ್ಯಕ್ಕೆಂದು ಈಜಲು ಆರಂಭಿಸಿದರು. ಮೊದಲ ಟ್ರಯತ್ಲಾನ್‌ಗೆ ಇಳಿದಾಗ ವಯಸ್ಸು 70. ನಮ್ಮ ಕಡೆ ಆ ವಯಸ್ಸಿನವರಿಗೆ ಮೊಮ್ಮಕ್ಕಳು ಊರುಗೋಲು ತಂದುಕೊಡುತ್ತಾರೆ. 2012ರಲ್ಲಿ ಹವಾಯಿಯ ವಿಶ್ವ ಸ್ಪರ್ಧೆಯಲ್ಲಿ 80ರಿಂದ 84ರ ವಯೋವರ್ಗದಲ್ಲಿ ಅವರೇ ಮೊದಲಿಗರು. 2015ರಲ್ಲಿ, 82ನೆಯ ವಯಸ್ಸಿನಲ್ಲಿ, ಮತ್ತೆ ಅದೇ ಹಾದಿಗೆ ಬಂದರು. ಈಜು ಮುಗಿಯಿತು, ಸೈಕಲ್ ಮುಗಿಯಿತು, ಕತ್ತಲಲ್ಲಿ ಓಟವೂ ಮುಗಿಯುತ್ತ ಬಂತು. ಅಂತಿಮ ರೇಖೆ ಕಣ್ಣೆದುರಿಗಿದ್ದಾಗ, ಇನ್ನೇನು ಕೆಲವೇ ಹೆಜ್ಜೆ ಎನ್ನುವಾಗ, ಕಾಲು ಸೋತು ಬಿದ್ದರು. ಎದ್ದರು. ರೇಖೆ ದಾಟಿದರು. ಗಡಿಯಾರ ತೋರಿಸಿದ್ದು 17 ಗಂಟೆ 5 ಸೆಕೆಂಡ್.

226 ಕಿಲೋಮೀಟರ್ ಕ್ರಮಿಸಿದ 82ರ ವೃದ್ಧರು ಆ ದಿನದ ಅಧಿಕೃತ ಪಟ್ಟಿಯಲ್ಲಿ ಮುಗಿಸಿದವರೆನಿಸಲಿಲ್ಲ. ಐದು ಸೆಕೆಂಡ್! ಒಮ್ಮೆ ಉಸಿರೆಳೆದು ಬಿಡುವಷ್ಟು ಹೊತ್ತು.

ವಕೀಲನಾದವನಿಗೆ ಇದನ್ನು ಕೇಳಿದೊಡನೆ ಕೈ ತಾನಾಗಿ ಅರ್ಜಿಯ ಕಾಗದದತ್ತ ಹೋಗುತ್ತದೆ. ನಮ್ಮ ದೇಶದ ಕಾಲಮಿತಿ ಕಾಯ್ದೆ 1963ರದು. ಅದರ 3ನೆಯ ಪ್ರಕರಣ ಕಠಿಣವಾದುದು: ಅವಧಿ ಮೀರಿ ಬಂದ ದಾವೆಯನ್ನು, ಎದುರಾಳಿ ಆಕ್ಷೇಪಿಸದಿದ್ದರೂ, ನ್ಯಾಯಾಲಯವೇ ವಜಾ ಮಾಡತಕ್ಕದ್ದು. ಆದರೆ ಎರಡು ಹೆಜ್ಜೆ ಮುಂದೆ ಹೋದರೆ 5ನೆಯ ಪ್ರಕರಣವಿದೆ. ಅದು ದಯೆಯ ಬಾಗಿಲು. ಮೇಲ್ಮನವಿಯೋ ಅರ್ಜಿಯೋ ತಡವಾಗಿದ್ದರೆ, ತಡವಾದುದಕ್ಕೆ ಸಾಕಷ್ಟು ಕಾರಣವಿದ್ದರೆ, ನ್ಯಾಯಾಲಯ ಆ ವಿಳಂಬವನ್ನು ಮನ್ನಿಸಬಹುದು. ಜ್ವರ ಬಂದಿತ್ತು, ತೀರ್ಪಿನ ನಕಲು ಸಿಗಲಿಲ್ಲ, ಹೊಳೆ ತುಂಬಿತ್ತು, ಇಂಥ ಕಾರಣಗಳನ್ನು ಬರೆದು ಬರೆದು ನನ್ನ ಎಷ್ಟೋ ಲೇಖನಿಗಳು ಸವೆದಿವೆ. 1987ರಲ್ಲಿ ಸರ್ವೋಚ್ಚ ನ್ಯಾಯಾಲಯ ಅನಂತನಾಗಿನ ಭೂಸ್ವಾಧೀನಾಧಿಕಾರಿ ಮತ್ತು ಕತೀಜಿ ಎಂಬವರ ನಡುವಣ ಪ್ರಕರಣದಲ್ಲಿ ನಾಲ್ಕು ದಿನಗಳ ವಿಳಂಬವನ್ನು ಮನ್ನಿಸುತ್ತ ಇದಕ್ಕೊಂದು ಉದಾರ ದಾರಿ ಹಾಕಿಕೊಟ್ಟಿತು. ಪ್ರತಿಯೊಂದು ದಿನದ ವಿಳಂಬಕ್ಕೂ ವಿವರಣೆ ಕೊಡಿ ಎನ್ನುವ ಮಾತನ್ನು ಅತಿಗೆ ಎಳೆಯಬಾರದು, ಹಾಗೆ ಎಳೆಯುವುದಾದರೆ ಪ್ರತಿ ಗಂಟೆಯದು, ಪ್ರತಿ ಸೆಕೆಂಡಿನದು ಏಕೆ ಬೇಡ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಸೆಕೆಂಡಿನ ಲೆಕ್ಕ ಕೇಳುವುದು ಹಾಸ್ಯಾಸ್ಪದವೆಂದು ನ್ಯಾಯಮೂರ್ತಿಗಳು ಭಾವಿಸಿದರು. ಇನಾಡರ ಲೋಕದಲ್ಲಿ ನಡೆಯುವುದು ಅದೇ ಲೆಕ್ಕ.

ಅಲ್ಲಿ ವಿಳಂಬ ಮನ್ನಾ ಇಲ್ಲ. ಇರಬೇಕಿತ್ತೆಂದು ನನಗೂ ಮೊದಮೊದಲು ಅನಿಸುತ್ತಿತ್ತು. ಆದರೆ ಮುದುಕರಿಗೆ ಐದು ಸೆಕೆಂಡ್ ಬಿಟ್ಟುಕೊಟ್ಟರೆ, ಹಿಂದಿನ ವರ್ಷ ಹತ್ತು ಸೆಕೆಂಡಿನಿಂದ ತಪ್ಪಿಸಿಕೊಂಡವರು ಬಾಗಿಲು ತಟ್ಟುತ್ತಾರೆ; ಅವರ ಹಿಂದೆ ಒಂದು ನಿಮಿಷದವರು. ಕೊನೆಗೆ ರೇಖೆಯೇ ಇರುವುದಿಲ್ಲ, ರೇಖೆ ಇಲ್ಲದ ಮೇಲೆ ದಾಟಿದೆ ಎನ್ನುವುದಕ್ಕೂ ಅರ್ಥವಿರುವುದಿಲ್ಲ. ಇನಾಡರು ಮನ್ನಾ ಬೇಡಿದವರಲ್ಲ. ಅವರು ಊರಿಗೆ ಹಿಂದಿರುಗಿ ಮತ್ತೆ ಅಭ್ಯಾಸಕ್ಕಿಳಿದರು.

ಇಲ್ಲಿ ಕಾನೂನಿನ ಇನ್ನೊಂದು ಮಗ್ಗುಲನ್ನು ಓದುಗರು ಗಮನಿಸಬೇಕು. ನಮ್ಮ ನ್ಯಾಯಾಲಯ ತಡವಾದವನಿಗೆ ದಯೆ ತೋರುತ್ತದೆ, ಆದರೆ ಸೋತವನಿಗೆ ಅದೇ ದಾವೆಯನ್ನು ಮತ್ತೆ ಹೂಡಲು ಬಿಡುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೆಯ ಪ್ರಕರಣದ ಪ್ರಕಾರ, ಅದೇ ಪಕ್ಷಕಾರರ ನಡುವೆ ಅದೇ ವಿಷಯ ಒಮ್ಮೆ ಅಂತಿಮವಾಗಿ ತೀರ್ಮಾನವಾದರೆ ಅದು ಪೂರ್ವನಿರ್ಣೀತ, ಮತ್ತೆ ಎತ್ತುವಂತಿಲ್ಲ. ಹೊಲದ ಬದುವಿನ ವ್ಯಾಜ್ಯದಲ್ಲಿ ಮೇಲ್ಮನವಿಗಳೆಲ್ಲ ಮುಗಿದು ಸೋತ ರೈತನೊಬ್ಬ ಮಾರನೆಯ ವರ್ಷ ಇನ್ನಷ್ಟು ಚೆನ್ನಾಗಿ ಸಿದ್ಧನಾಗಿ ಬಂದರೂ ಅವನ ದಾವೆಗೆ ಸ್ಥಳವಿಲ್ಲ. ಓಟದ ಹಾದಿಯಲ್ಲಿ ನಿಯಮ ಇದಕ್ಕೆ ತದ್ವಿರುದ್ಧ. ಅಲ್ಲಿ ಒಂದು ಸೆಕೆಂಡೂ ಮನ್ನಾ ಆಗುವುದಿಲ್ಲ. ಆದರೆ ಅದೇ ದಾವೆಯನ್ನು ಅರ್ಹತೆ ಗಳಿಸಿದ ಪ್ರತಿ ವರ್ಷವೂ ಹೂಡಬಹುದು. ತೊರಪಲ್ಲಿಯ ಹಿರಿಯರು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಕಂಡ ದಾರಿಯನ್ನೇ ತುಳಿಯುವವನು ಹಳೆಯ ತೀರ್ಪನ್ನು ಮರುವಿಚಾರಣೆಗೆ ತಂದವನು.

ಇನಾಡರು 2016ರಲ್ಲಿ ಮತ್ತೆ ಹವಾಯಿಗೆ ಬಂದರು. ವಯಸ್ಸು ಒಂದು ವರ್ಷ ಹೆಚ್ಚಾಗಿತ್ತು, ಹಾದಿ ಒಂದು ಅಡಿಯೂ ಕಡಿಮೆಯಾಗಿರಲಿಲ್ಲ. ಈ ಸಲ ಕಾಲಮಿತಿಯೊಳಗೆ ರೇಖೆ ದಾಟಿದರು. 2018ರಲ್ಲಿ ಇನ್ನೊಮ್ಮೆ ಬಂದು, 85ನೆಯ ವಯಸ್ಸಿನಲ್ಲಿ, 16 ಗಂಟೆ 53 ನಿಮಿಷ 49 ಸೆಕೆಂಡಿನಲ್ಲಿ ಮುಗಿಸಿದರು. ಆ ವಿಶ್ವ ಸ್ಪರ್ಧೆಯನ್ನು ಮುಗಿಸಿದವರಲ್ಲಿ ಅತಿ ಹಿರಿಯರೆಂದು ಗಿನ್ನೆಸ್ ದಾಖಲೆ ಅವರ ಹೆಸರಿಗೆ ಬಂತು. ದಾಖಲೆಗಿಂತ ನನಗೆ ದೊಡ್ಡದಾಗಿ ಕಾಣುವುದು 2015ರ ಅಕ್ಟೋಬರಿನಿಂದ 2016ರ ಅಕ್ಟೋಬರಿನವರೆಗಿನ ಆ ಒಂದು ವರ್ಷ. ಪಟ್ಟಿಯಲ್ಲಿ ಹೆಸರಿಲ್ಲದೆ ಮನೆಗೆ ಮರಳಿದ 82ರ ಮುದುಕರು ಮರುದಿನ, ಅದರ ಮರುದಿನ ಏನು ಮಾಡುತ್ತಿದ್ದರೆಂದು ಯೋಚಿಸುತ್ತೇನೆ. ಈಜುಕೊಳಕ್ಕೆ ಹೋಗುತ್ತಿದ್ದರು, ಬೇರೇನು!

ಎರಡನೆಯ ಸಲ ಬರುವವನ ಕೈಯಲ್ಲಿ ಮೊದಲ ಸಲದವನ ಬಳಿ ಇಲ್ಲದ ಸಾಮಗ್ರಿಯೊಂದಿರುತ್ತದೆ. ಸಮುದ್ರದಲ್ಲಿ ಈಜುಕೊಳದಂತೆ ತಳದಲ್ಲಿ ಗೆರೆಗಳಿರುವುದಿಲ್ಲ. ಆಗಾಗ ತಲೆಯೆತ್ತಿ ತೇಲುವ ಗುರುತುಗಳನ್ನು ನೋಡಿಕೊಳ್ಳದಿದ್ದರೆ ಅಲೆ ಪಕ್ಕಕ್ಕೆ ತಳ್ಳಿ ದೂರ ಹೆಚ್ಚಿಸಿಬಿಡುತ್ತದೆ. ಮೊದಲ ಸಲದವನು ಇದನ್ನು ಪುಸ್ತಕದಲ್ಲಿ ಓದಿರುತ್ತಾನೆ. ಎರಡನೆಯ ಸಲದವನಿಗೆ ತಾನು ಎಲ್ಲಿ ಪಕ್ಕಕ್ಕೆ ಸರಿದೆನೆಂಬುದು ತೋಳಿಗೇ ನೆನಪಿರುತ್ತದೆ. ಹವಾಯಿಯ ಸೈಕಲ್ ಹಾದಿ ಲಾವಾ ಕಲ್ಲಿನ ಬಯಲಿನ ನಡುವೆ ಹಾವಿ ಎಂಬ ಊರಿನವರೆಗೆ ಹೋಗಿ ತಿರುಗುತ್ತದೆ. ಆ ಕಡೆಯ ಅಡ್ಡಗಾಳಿ ಬಲಿಷ್ಠರನ್ನೂ ಅಲುಗಿಸುತ್ತದೆಯೆಂಬುದು ಪ್ರಸಿದ್ಧ. ಅದನ್ನು ಒಮ್ಮೆ ಉಂಡವನು ಹೋಗುವಾಗಲೇ ಕಾಲಿನಲ್ಲಿ ಒಂದಿಷ್ಟು ಶಕ್ತಿ ಉಳಿಸಿಕೊಳ್ಳುತ್ತಾನೆ. ಯಾವಾಗ ನೀರು ಕುಡಿಯಬೇಕು, ಯಾವಾಗ ಉಪ್ಪು ತಿನ್ನಬೇಕು, ಯಾವ ಏರಿನಲ್ಲಿ ಮನಸ್ಸು ‘ಸಾಕು’ ಎನ್ನುತ್ತದೆ, ಇವೆಲ್ಲ ಸೋತ ಪ್ರಯತ್ನದಿಂದ ಉಳಿದ ಆಸ್ತಿ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲ ಸೋಲು ಎರಡನೆಯ ದಾವೆಗೆ ಸಾಕ್ಷ್ಯ.

ಆದರೆ ಅಳುಕೂ ಅದರ ಜೊತೆಗೇ ಬರುತ್ತದೆ. ಮೊದಲ ಸಲ ನೋವು ಎಲ್ಲಿದೆಯೆಂದು ಗೊತ್ತಿರುವುದಿಲ್ಲ. ಎರಡನೆಯ ಸಲ ಅದು ಯಾವ ಮೈಲಿಗಲ್ಲಿನ ಬಳಿ ಕಾಯುತ್ತಿದೆಯೆಂದು ಗೊತ್ತಿದ್ದೂ ಅಲ್ಲಿಗೆ ಹೋಗಬೇಕು. ಮರಳಿ ಬರುವವನಿಗೆ ಬೇಕಾದ ಧೈರ್ಯ ಮೊದಲ ಸಲದ ಹುಮ್ಮಸ್ಸಿಗಿಂತ ಬೇರೆ ಜಾತಿಯದು, ಮತ್ತು ಹೆಚ್ಚಿನದು ಎಂಬುದು ನನ್ನ ಅಭಿಪ್ರಾಯ.

ಹವಾಯಿ ದೂರವಾಯಿತೆನ್ನುವವರಿಗೆ ಹತ್ತಿರದ ನಿದರ್ಶನವಿದೆ. ಅರ್ಧ ದೂರದ ಸ್ಪರ್ಧೆಯೆಂದು ಮೇಲೆ ಹೇಳಿದೆನಲ್ಲ, ಅದು 2019ರಿಂದ ಗೋವೆಯಲ್ಲಿ ನಡೆಯುತ್ತಿದೆ. ಪಣಜಿಯ ಮಿರಾಮಾರ್ ಕಡಲತೀರದಲ್ಲಿ 1.9 ಕಿಲೋಮೀಟರ್ ಈಜು, ಆಮೇಲೆ 90 ಕಿಲೋಮೀಟರ್ ಸೈಕಲ್, ಅಂದರೆ ಹೊಸೂರಿನಿಂದ ಕೃಷ್ಣಗಿರಿಗೆ ಹೋಗಿ ಹೆಚ್ಚುಕಡಿಮೆ ಮರಳಿ ಬರುವಷ್ಟು, ಕೊನೆಗೆ 21.1 ಕಿಲೋಮೀಟರ್ ಓಟ. ಕಾಲಮಿತಿ ಎಂಟೂವರೆ ಗಂಟೆ. 2024ರ ಅಕ್ಟೋಬರ್ 27ರಂದು ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಇದನ್ನು 8 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿದರು. ಮಿತಿಗೆ ಉಳಿದಿದ್ದುದು ಎರಡೂವರೆ ನಿಮಿಷಕ್ಕೂ ಕಡಿಮೆ. ಅವರೂ ಕಾನೂನು ಓದಿದವರು. ಗಡುವಿನ ಕೊನೆಯ ಗಳಿಗೆಯಲ್ಲಿ ಅರ್ಜಿ ದಾಖಲಿಸುವ ನಮ್ಮ ವೃತ್ತಿಯ ಅಭ್ಯಾಸ ಅಲ್ಲಿಯೂ ಕೈಬಿಡಲಿಲ್ಲವೆಂದು ನ್ಯಾಯಾಲಯದ ಆವರಣದಲ್ಲಿ ನಾವು ನಕ್ಕೆವು. ಆದರೆ 2025ರ ನವೆಂಬರಿನಲ್ಲಿ ಅವರು ಅದೇ ಹಾದಿಗೆ ಮತ್ತೆ ಹೋಗಿ, ಮೊದಲಿಗಿಂತ ಬೇಗ ಮುಗಿಸಿದರು. ಅದೇ ದಿನ ಆ ಹಾದಿಯನ್ನು ಮುಗಿಸಿದವರಲ್ಲಿ ಕೆ. ಅಣ್ಣಾಮಲೈ ಕೂಡ ಒಬ್ಬರು. ಕರೂರಿನ ಕಡೆಯವರು, ಕರ್ನಾಟಕದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದು ಆಮೇಲೆ ತಮಿಳುನಾಡಿನ ರಾಜಕಾರಣಕ್ಕೆ ಬಂದವರು. ಇಬ್ಬರ ರಾಜಕೀಯವನ್ನು ಮೆಚ್ಚುವವರೂ ಮೆಚ್ಚದವರೂ ನಮ್ಮ ಓದುಗರಲ್ಲಿ ಇದ್ದಾರೆ, ಇರಲಿ; ಗಡಿಯಾರಕ್ಕೆ ಪಕ್ಷವಿಲ್ಲ. ಹೊಟ್ಟೆಪಾಡಿನ ಕೆಲಸ ಬೇರೆಯಿರುವ ಹವ್ಯಾಸಿಗಳು ಅಲ್ಲಿ ಸಾವಿರ ಲೆಕ್ಕದಲ್ಲಿ ಓಡುತ್ತಾರೆ. ಅವರಲ್ಲಿ ಬಹುಮಂದಿಗೆ ಸೋಲಿಸಬೇಕಾದ ಎದುರಾಳಿ ಒಬ್ಬನೇ, ಹೋದ ವರ್ಷದ ತಾನು.

ನಮ್ಮ ಹೆಣ್ಣುಮಕ್ಕಳಿಗಾಗಿ ಇನ್ನೆರಡು ಹೆಸರುಗಳು. ಬೆಂಗಳೂರಿನ ಅನು ವೈದ್ಯನಾಥನ್ 2009ರಲ್ಲೇ ಕೆನಡಾದಲ್ಲಿ ಅಲ್ಟ್ರಾಮ್ಯಾನ್ ಎಂಬ ಮೂರು ದಿನಗಳ ಸ್ಪರ್ಧೆಗೆ ಇಳಿದವರು; 10 ಕಿಲೋಮೀಟರ್ ಈಜು, ನಾನೂರಕ್ಕೂ ಹೆಚ್ಚು ಕಿಲೋಮೀಟರ್ ಸೈಕಲ್, ಮೇಲೆ ಎರಡು ಮ್ಯಾರಥಾನ್‌ಗಳಷ್ಟು ಓಟ. ಇಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಕೂಡ ಅವರ ಹೆಸರಿಗಿದೆ. ಇನ್ನೊಬ್ಬರು ಅಮೆರಿಕದ ಜೂಲಿ ಮಾಸ್. ಆಕೆ ಕಾಲೇಜು ವಿದ್ಯಾರ್ಥಿನಿ, ದೇಹಶ್ರಮದ ಶಾಸ್ತ್ರದಲ್ಲಿ ತನ್ನ ಪ್ರಬಂಧಕ್ಕೆ ಸಾಮಗ್ರಿಯಾಗಲೆಂದು 1982ರ ಫೆಬ್ರುವರಿಯಲ್ಲಿ ಹವಾಯಿಗೆ ಹೋದವಳು. ಅನಿರೀಕ್ಷಿತವಾಗಿ ಮಹಿಳೆಯರಲ್ಲಿ ಮುಂದಿದ್ದಳು. ಕೊನೆಯ ಕೆಲವು ಗಜಗಳಲ್ಲಿ ಕಾಲು ಕುಸಿಯಿತು. ಎದ್ದಳು, ಮತ್ತೆ ಬಿದ್ದಳು. ಆಕೆ ನೆಲದಲ್ಲಿರುವಾಗಲೇ ಕ್ಯಾಥ್ಲೀನ್ ಮೆಕಾರ್ಟ್ನಿ ದಾಟಿ ಹೋಗಿ ಗೆದ್ದಳು. ಜೂಲಿ ಅಂಬೆಗಾಲಿಟ್ಟು ರೇಖೆ ಮುಟ್ಟಿದಳು, ಗೆದ್ದವಳಿಗಿಂತ 29 ಸೆಕೆಂಡ್ ತಡವಾಗಿ. ದೂರದರ್ಶನದಲ್ಲಿ ಇದನ್ನು ಕಂಡವರಿಗೆ ನೆನಪಿನಲ್ಲಿ ಉಳಿದದ್ದು ಎರಡನೆಯವಳು. ಮೂವತ್ತು ವರ್ಷಗಳ ಮೇಲೆ, 2012ರಲ್ಲಿ, ಅಂದು ಗೆದ್ದವಳೂ ಸೋತವಳೂ ಇಬ್ಬರೂ ಅದೇ ಹಾದಿಗೆ ಜೊತೆಯಾಗಿ ಮರಳಿದರು. ವಾದಿ ಪ್ರತಿವಾದಿಗಳು ಮೂವತ್ತು ವರ್ಷಗಳ ಮೇಲೆ ಒಂದೇ ಬೆಂಚಿನಲ್ಲಿ ಕುಳಿತು ಕಾಫಿ ಕುಡಿದುದನ್ನು ನಾನು ನನ್ನ ವೃತ್ತಿಯಲ್ಲಿ ಇನ್ನೂ ಕಂಡಿಲ್ಲ.

ಮರಳಿ ಬಂದವರೆಲ್ಲ ಗೆಲ್ಲುತ್ತಾರೆಂದು ನಾನು ಹೇಳಹೊರಟಿಲ್ಲ. ಅದಕ್ಕೆ ತೊರಪಲ್ಲಿಯದೇ ನಿದರ್ಶನ ಕೊಡುತ್ತೇನೆ. ಈ ಅಗ್ರಹಾರದ ಪುಟ್ಟ ಮನೆಯೊಂದರಲ್ಲಿ 1878ರ ಡಿಸೆಂಬರ್ 10ರಂದು ಹುಟ್ಟಿದ ಮಗು ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಸೇಲಂನಲ್ಲಿ ವಕೀಲರಾಗಿ, ಮುಂದೆ ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದ ಚಕ್ರವರ್ತಿ ರಾಜಗೋಪಾಲಾಚಾರಿ. ಆ ಮನೆ ಇಂದು ಸ್ಮಾರಕ. ಶಾಲೆಯ ಮಕ್ಕಳನ್ನು ಒಮ್ಮೆ ಕರೆದೊಯ್ಯಬೇಕಾದ ಸ್ಥಳ. ರಾಜಾಜಿ 1937ರಲ್ಲಿ ಮದ್ರಾಸ್ ಪ್ರಾಂತ್ಯದ ಆಡಳಿತದ ಚುಕ್ಕಾಣಿ ಹಿಡಿದು 1939ರಲ್ಲಿ ಬಿಟ್ಟರು. ದೇಶದ ಅತ್ಯುನ್ನತ ಪದವಿಯನ್ನು ಕಂಡ ಮೇಲೆ, 1952ರಲ್ಲಿ ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅದೇ ಗಾದಿಗೆ ಮುಖ್ಯಮಂತ್ರಿಯಾಗಿ ಮರಳಿದರು. 1954ರಲ್ಲಿ ಮತ್ತೆ ಇಳಿಯಬೇಕಾಯಿತು. ಎರಡೂ ಸಲ ಅವರ ವಿರುದ್ಧ ದೊಡ್ಡ ಕೂಗೆದ್ದದ್ದು ಶಾಲೆಯ ವಿಷಯದಲ್ಲೇ. ಮೊದಲ ಸಲ ಕಡ್ಡಾಯ ಹಿಂದಿ, ಎರಡನೆಯ ಸಲ ಮಕ್ಕಳಿಗೆ ಅರ್ಧ ದಿನದ ಶಾಲೆಯ ಯೋಜನೆ. ಅಂಥ ಸೂಕ್ಷ್ಮಮತಿಗೂ ಅದೇ ಹಾದಿಯ ಅದೇ ತಿರುವು ಎರಡು ಸಲ ಮುಳುವಾಯಿತು. ಹಾದಿ ಪರಿಚಿತವೆಂಬುದು ಬೇರೆ, ಹಾದಿಯಿಂದ ಕಲಿತದ್ದು ಬೇರೆ.

ತೊರಪಲ್ಲಿಯ ಹುಡುಗನೊಬ್ಬ ಈ ಅಂಕಣ ಓದಿ ನಾನೂ ಟ್ರಯತ್ಲಾನ್ ಮಾಡುತ್ತೇನೆಂದರೆ, ಓಡಲು ಬದುಗಳಿವೆ, ಸೈಕಲ್ಲಿಗೆ ರಾಯಕೋಟೆಯ ರಸ್ತೆಯಿದೆ, ಈಜಲು ಹೊಳೆಯಿಲ್ಲ. ಊರಿನ ಪಕ್ಕದಲ್ಲಿಯೇ ದಕ್ಷಿಣ ಪಿನಾಕಿನಿ ಹರಿಯುತ್ತಾಳೆ. ಸೋರೆಬುರುಡೆ ಕಟ್ಟಿಕೊಂಡು ಅದರಲ್ಲಿ ಈಜು ಕಲಿತವರು ಹಿಂದಿನ ತಲೆಮಾರಿನಲ್ಲಿ ಇದ್ದರು. ಈಗ ಬೆಂಗಳೂರಿನ ಚರಂಡಿ ಮತ್ತು ಕಾರ್ಖಾನೆಗಳ ಕೊಳೆಯನ್ನು ಹೊತ್ತು ಬರುವ ಆ ನೀರು ಕೆಲವರಪಲ್ಲಿ ಅಣೆಕಟ್ಟೆಯಿಂದ ಇಳಿಯುವಾಗ ಬೆಟ್ಟದಂತೆ ನೊರೆಯುಗುಳುವುದನ್ನು ನೀವೆಲ್ಲ ಕಂಡಿದ್ದೀರಿ. ಆ ನೀರಿಗೆ ಮಕ್ಕಳನ್ನು ಇಳಿಸಬೇಡಿ; ಮೆಟ್ಟಿಲಿಲ್ಲದ ಹಾಳುಬಾವಿಗೂ ಬೇಡ. ಭಾನುವಾರ ಬೆಂಗಳೂರಿನಿಂದ ನಮ್ಮಲ್ಲಿಗೆ ಶುದ್ಧ ಗಾಳಿ ಹುಡುಕಿಕೊಂಡು ಬರುವ ಸವಾರರು, ತಮ್ಮ ಊರಿನ ನೊರೆ ತಮಗಿಂತ ಮುಂಚೆಯೇ ಇಲ್ಲಿಗೆ ಬಂದು ಸೇರಿರುವುದನ್ನು ಸೇತುವೆಯ ಮೇಲೆ ಒಂದು ನಿಮಿಷ ನಿಂತು ನೋಡಿ ಹೋಗಲಿ.

ಈಗ ಉತ್ತರದ ಉಳಿದರ್ಧ. ಅದು ನೇರವಾಗಿ ನಮ್ಮ ಕನ್ನಡ ಶಾಲೆಗಳ ಮನೆಗಳಿಗೆ ಸಂಬಂಧಿಸಿದ್ದು. ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ, ಹೊಸೂರು, ತಳಿ, ಡೆಂಕಣಿಕೋಟೆಯ ಕಡೆಗಳಿಂದ ಒಬ್ಬಿಬ್ಬರು ತಂದೆತಾಯಂದಿರು ನನ್ನ ಕಚೇರಿಯ ಬೆಂಚಿನ ಮೇಲೆ ಬಂದು ಕುಳಿತುಕೊಳ್ಳುತ್ತಾರೆ. ಮಗುವಿಗೆ ಯಾವುದೋ ಒಂದು ವಿಷಯದಲ್ಲಿ ತೇರ್ಗಡೆಯ 35 ಅಂಕಕ್ಕೆ ಮೂರೋ ನಾಲ್ಕೋ ಕಡಿಮೆ ಬಂದಿರುತ್ತದೆ. “ನಾಲ್ಕೇ ಅಂಕ ಸ್ವಾಮಿ, ಒಂದು ಅರ್ಜಿ ಬರೆದು ಸರಿಮಾಡಿಸಲಾಗುವುದಿಲ್ಲವೇ?” ಆಗುವುದಿಲ್ಲ. ಇನಾಡರ ಐದು ಸೆಕೆಂಡಿನಂತೆಯೇ ಇದೂ. 5ನೆಯ ಪ್ರಕರಣ ಇಲ್ಲಿಗೆ ಬಾರದು. ಕನ್ನಡ ಮನೆಮಾತಿನ ಮಕ್ಕಳಿಗೆ 2006ರ ತಮಿಳು ಕಲಿಕೆಯ ಕಾಯ್ದೆಯ ಹೊರೆಯೂ ಇದೆ. ಅದರ ವಿಷಯದಲ್ಲಿ ನಮ್ಮ ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯದ ಅದೇ ಮೆಟ್ಟಿಲನ್ನು ಮತ್ತೆ ಮತ್ತೆ ಹತ್ತಿದ್ದಾರೆ, 2023ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಒಂದು ವರ್ಷದ ವಿನಾಯಿತಿಯನ್ನೂ ಪಡೆದಿದ್ದರು. ಆ ಹೋರಾಟ ಬೇರೆ. ಬೆಂಚಿನ ಮೇಲೆ ಕುಳಿತ ಮಗುವಿನ ಸಮಸ್ಯೆ ಈ ವರ್ಷದ್ದು.

ಅರ್ಜಿ ಆಗದೆಂದಾಗ ತಂದೆಯ ಮುಖದಲ್ಲಿ ತೀರ್ಪೊಂದು ಮೂಡುವುದನ್ನು ನಾನು ಕಂಡಿದ್ದೇನೆ. ಹುಡುಗನಾದರೆ ಸಿಪ್ಕಾಟ್‌ನ ಯಾವುದಾದರೂ ಕಾರ್ಖಾನೆಗೆ, ಹುಡುಗಿಯಾದರೆ ಗುಲಾಬಿ ತೋಟದ ಹಸಿರುಮನೆಗೆ, ಇಲ್ಲವೇ ಗಂಡು ನೋಡುವುದಕ್ಕೆ. ಹದಿನೆಂಟು ತುಂಬದ ಹುಡುಗಿಯ ಮದುವೆ ಮಾಡುವುದು ಅಪರಾಧವೆಂಬುದನ್ನು ಆಗ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಆ ತೀರ್ಪು ಅವಸರದ್ದು, ಏಕೆಂದರೆ ಪರೀಕ್ಷೆಗೆ 11ನೆಯ ಪ್ರಕರಣ ಅನ್ವಯಿಸುವುದಿಲ್ಲ. ಒಮ್ಮೆ ಸೋತ ವಿಷಯ ಅಲ್ಲಿ ಪೂರ್ವನಿರ್ಣೀತವಲ್ಲ. ಅಷ್ಟೇ ಅಲ್ಲ, ನಿಯಮ ಇನಾಡರಿಗಿಂತ ನಿಮ್ಮ ಮಗುವಿಗೆ ಹೆಚ್ಚು ದಯಾಳುವಾಗಿದೆ. ಅವರು ಐದು ಸೆಕೆಂಡಿಗಾಗಿ 226 ಕಿಲೋಮೀಟರನ್ನೂ ಮೊದಲಿನಿಂದ ಕ್ರಮಿಸಬೇಕಾಯಿತು. ನಿಮ್ಮ ಮಗು ಬಿದ್ದ ವಿಷಯವೊಂದನ್ನು ಮಾತ್ರ ಬರೆದರೆ ಸಾಕು; ದಾಟಿದ ವಿಷಯಗಳು ದಾಟಿದಂತೆಯೇ ಉಳಿಯುತ್ತವೆ.

ಪಕ್ಕದ ಮನೆಯವರು ಏನೆಂದಾರು ಎಂಬ ಮಾತು ಆ ಬೆಂಚಿನಲ್ಲಿ ಕಾನೂನಿನ ಮಾತಿಗಿಂತ ಹೆಚ್ಚು ಸಲ ಕೇಳಿಬರುತ್ತದೆ. ಮಗುವನ್ನು ಮತ್ತೆ ಅದೇ ಪರೀಕ್ಷಾ ಕೊಠಡಿಗೆ ಕಳುಹಿಸುವುದು ಮಾನಹಾನಿಯೆಂದು ತಾಯಂದಿರು ಹೇಳುತ್ತಾರೆ. ಗೋವೆಯಲ್ಲಿ ಎರಡನೆಯ ಸಲ ನೀರಿಗಿಳಿಯುವವನನ್ನು ಯಾರೂ ಹಾಗೆ ನೋಡುವುದಿಲ್ಲ. ಹಳಬನೆಂದು ಹೊಸಬರು ಅವನ ಬಳಿಗೆ ಬಂದು ಅಲೆಯ ವಿಚಾರ ಕೇಳುತ್ತಾರೆ. ಗಣಿತದ ಪತ್ರಿಕೆಯಲ್ಲಿ ಯಾವ ಪ್ರಶ್ನೆಗೆ ಅರ್ಧ ಗಂಟೆ ಹಾಳಾಯಿತೆಂದು ಒಮ್ಮೆ ಬರೆದು ಬಂದ ಮಗುವಿಗೆ ಗೊತ್ತು. ಅದನ್ನು ಮಗುವಿನಿಂದ ಕೇಳಿ ಒಂದು ಕಾಗದದಲ್ಲಿ ಬರೆಸಿಡಿ, ಮರೆಯುವ ಮೊದಲು. ಬೈಗುಳ ಆಮೇಲೆ ಬಯ್ಯಬಹುದು.

ಪೂರಕ ಪರೀಕ್ಷೆಯ ಅರ್ಜಿಗೆ ಫಲಿತಾಂಶದ ನಂತರ ಸಿಗುವುದು ಕೆಲವೇ ದಿನಗಳ ಅವಕಾಶ. ದಿನಾಂಕವನ್ನು ಮುಖ್ಯೋಪಾಧ್ಯಾಯರಿಂದಲೇ ಕೇಳಿ ತಿಳಿದುಕೊಳ್ಳಿ, ಅರ್ಜಿಯ ರಸೀದಿಯನ್ನು ಕಡ್ಡಾಯವಾಗಿ ಇಟ್ಟುಕೊಳ್ಳಿ. ಗಡುವು ತಪ್ಪಿದವರಿಗೆ ಹೆಚ್ಚುವರಿ ಶುಲ್ಕ ಕಟ್ಟಿ ತತ್ಕಾಲ್ ಎಂಬ ಇನ್ನೊಂದು ಸಣ್ಣ ಅವಧಿಯನ್ನು ಪರೀಕ್ಷಾ ಇಲಾಖೆ ಕೊಡುವ ರೂಢಿಯಿದೆ. ಅದು ಎರಡು ಮೂರು ದಿನಗಳಲ್ಲಿ ಮುಚ್ಚಿಹೋಗುತ್ತದೆ. ಆಮೇಲೆ ಬಂದರೆ ನನ್ನ ಬಳಿ ಅದಕ್ಕೆ ಅರ್ಜಿಯ ಕಾಗದವಿಲ್ಲ.